ಕಾಲಿಗೆ ಸುರಿದ ನೀರು

ಕೋಥರೂಡದ ನಮ್ಮ ಸೊಸೈಟಿಯ ಹಿರಿಯರ ಬಳಗದಲ್ಲಿ ನಾನೊಬ್ಬ ಸಣ್ಣ ಹೀರೊ. ಹರೆಯದಲ್ಲಿ ಸೈನ್ಯದ ಅಂಚೆ ವಿಭಾಗಕ್ಕೆ ಡೆಪ್ಯುಟೇಷನ್ ಮೇಲೆ ಹೋಗಿ, ರಾಜಸ್ಥಾನದ ಮರಳುಗಾಡಿನಲ್ಲಿ ಒಂಟೆಯ ಮೇಲೆ ಟಪಾಲು ಹಂಚಿದವನು ನಾನು. ಆಗಾಗ ಮರಾಠಿಯಲ್ಲಿ ಆ ಕಥೆ ಹೇಳಿಸುತ್ತಾರೆ. ನಾನೂ ಬಿಸಿಲು, ಬಿರುಗಾಳಿ, ಒಂಟೆಯ ಹಠ ಎಲ್ಲ ಸೇರಿಸಿ ಬಿಡುತ್ತೇನೆ. ಚಪ್ಪಾಳೆ ಬೀಳುತ್ತದೆ. ಮೊನ್ನೆ ಹಾಗೆ ಹೇಳಿ ಬರುವಾಗ ಲಿಫ್ಟಿನಲ್ಲಿ ಹೆಂಡತಿ ಚುಚ್ಚಿದಳು: "ಎಲ್ಲಾ ಹೇಳತೀರಿ, ಆ ಮುದುಕೀ ಸುದ್ದಿ ಒಂದ ಯಾಕ ನುಂಗತೀರಿ?" ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಒಯ್ಯುತ್ತಿದ್ದುದು ಗಡಿ ಠಾಣೆಗಳ ಟಪಾಲು. ದಾರಿಯಲ್ಲಿ ನಾಲ್ಕಾರು ಗುಡಿಸಲುಗಳ ಒಂದು ವಸ್ತಿ ಇತ್ತು. ಅಲ್ಲಿಗೆ ಬೇರೆ ಯಾರೂ ಹೋಗುತ್ತಿರಲಿಲ್ಲವಾದ್ದರಿಂದ ಅವರ ಕಾಗದವೂ ನನ್ನ ಚೀಲದಲ್ಲೇ. ಮೊದಲನೆಯ ಗುಡಿಸಲಿನಲ್ಲಿ ಒಬ್ಬ ಮುದುಕಿ, ಅವಳ ಸೊಸೆ. ಮಗ ಫೌಜಿನಲ್ಲಿ, ದೂರದ ಹಿಮದ ನಾಡಿನಲ್ಲಿ. ಅವನು ಬದುಕಿದ್ದಾನೆ ಅನ್ನುವುದು ಅವರಿಗೆ ನನ್ನ ಚೀಲದಿಂದಲೇ ತಿಳಿಯಬೇಕು.

ಮೊದಲ ಸಲ ಹೋದಾಗ ಮುದುಕಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ನಮ್ಮ ಸೊಲ್ಲಾಪುರದ ಕಡೆ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ವಾಡಿಕೆ. ಹಿಂದೆಮುಂದೆ ನೋಡದೆ ಬೂಟು ಕಳಚಿ ಅಷ್ಟೂ ನೀರನ್ನು ಕಾಲಿಗೆ ಸುರಿದುಕೊಂಡೆ. ಆಹಾ, ಎಂಥ ತಂಪು! ಮುದುಕಿ ಒದ್ದೆ ಮರಳನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ, ಕುಡಿಯಲು ಅರ್ಧ ಲೋಟ ತಂದಳು.

ಮುಂದಿನ ಸಲದಿಂದ ಎರಡು ತಂಬಿಗೆ. ಒಂದು ಕಾಲಿಗೆ, ಒಂದು ಬಾಯಿಗೆ. ನಾನೆಂಥ ಬೆಪ್ಪ ಅಂದರೆ, ಇವರಲ್ಲೂ ನಮ್ಮ ಪದ್ಧತಿಯೇ ಇದೆಯಲ್ಲ ಎಂದು ಹಿಗ್ಗಿದೆ. ಊರಿಗೆ ಬರೆದು ಕೊಚ್ಚಿಕೊಂಡೆ ಕೂಡ. ಬೇಸಿಗೆ ಪೂರ್ತಿ ಅಳಿಯನ ಗತ್ತಿನಲ್ಲಿ ಕಾಲು ತೊಳೆದುಕೊಂಡೆ.

ಒಂದು ದಿನ ಬೇಗ ತಲುಪಿಬಿಟ್ಟೆ. ಬಾಗಿಲಲ್ಲಿ ತಂಬಿಗೆ ಇರಲಿಲ್ಲ. ಸೊಸೆ ಕೊಡ ಹೊತ್ತು ಮರಳಿನಲ್ಲಿ ಕಾಲೆಳೆಯುತ್ತ ಬರುತ್ತಿದ್ದಳು, ಮುದುಕಿ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಯಾಕೆಂದು, ನನ್ನ ಜೊತೆ ಒಂಟೆ ನಡೆಸಲು ಬರುತ್ತಿದ್ದವನನ್ನು ಕೇಳಿದೆ. ಅವನು ಆ ಸೀಮೆಯವನೇ. ನಿಮ್ಮ ಕಾಲಿಗೆ ನೀರು ಇನ್ನೂ ಬಂದಿಲ್ಲವಲ್ಲ, ಅದಕ್ಕೆ ಅಂದ. ಬಾವಿ ಆ ದಿಬ್ಬಗಳ ಆಚೆ ಇದೆಯಂತೆ. ನಾನು ಬರುವ ದಿನ ಸೊಸೆ ಎರಡು ಸಲ ಹೋಗಿಬರುತ್ತಾಳಂತೆ. ಇಲ್ಲಿ ಪಾತ್ರೆಯನ್ನೂ ಮರಳಲ್ಲೇ ತಿಕ್ಕುತ್ತಾರೆ, ನೀರಿನಲ್ಲಿ ಕಾಲು ತೊಳೆಯುವವರು ಯಾರಿದ್ದಾರೆ ಅಂದ. ಮೊದಲೇ ಬೊಗಳಬಾರದಿತ್ತೆ ಎಂದು ಅವನ ಮೇಲೆ ಹರಿಹಾಯ್ದೆ. ಸರ್ಕಾರದ ಮನುಷ್ಯರಿಗೆ ಹೇಗೆ ಹೇಳುವುದು ಎಂದು ಅವನು ಒಂಟೆಯ ಹಗ್ಗ ಬಿಗಿಯತೊಡಗಿದ.

ಮುದುಕಿಯ ಹತ್ತಿರ ಹೋಗಿ ನನ್ನ ಹರುಕು ಹಿಂದಿಯಲ್ಲಿ, ಇನ್ನು ಮೇಲೆ ಕಾಲಿಗೆ ನೀರು ಬೇಡ ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಸೊಸೆಯ ತಲೆಯಿಂದ ಕೊಡ ಇಳಿಸಿ, ಗಡಬಡಿಸಿ ತಂಬಿಗೆ ತುಂಬಿ, ನನ್ನ ಕಾಲ ಬಳಿ ಇಟ್ಟು ಕೈಮುಗಿದಳು. ಅವಳ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: "ಇವತ್ತೊಂದಿನ ತಡ ಆತ್ರಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗನ ಕಾಗದ ನಿಲ್ಲಿಸಬ್ಯಾಡ್ರಿ."

ಬೇಸಿಗೆಯುದ್ದಕ್ಕೂ ಮರ್ಯಾದೆ ಎಂದುಕೊಂಡು ನಾನು ತಿಂದದ್ದು ಲಂಚ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಸಿಟ್ಟಿಲ್ಲ ತಾಯಿ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕಾಗದ ಮುಂದೆ ಹಿಡಿದರೂ ಮುಗಿದ ಕೈ ಬಿಡಿಸಲಿಲ್ಲ. ಕೊನೆಗೆ ಬೂಟು ಕಳಚಿ, ಅವಳ ಕಣ್ಣೆದುರೇ ಆ ನೀರನ್ನೆಲ್ಲ ಕಾಲಿಗೆ ಸುರಿದುಕೊಂಡೆ. ಆಮೇಲೆಯೇ ಅವಳು ಕಾಗದಕ್ಕೆ ಕೈ ಚಾಚಿದ್ದು.