ಕೆಂಪು ದಾರದ ಅರ್ಜೆಂಟು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತೂ ಅಷ್ಟಕ್ಕಷ್ಟೆ. ಮನ್ನಿಸಬೇಕು. ದೊಡ್ಡಮ್ಮನ ವಿಷಯದಲ್ಲಿ ತಪ್ಪಾಗಬಾರದೆಂದು ಎರಡು ಸಲ ಹರಿದುಹಾಕಿ ಮತ್ತೆ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷದಿಂದ ದೊಡ್ಡಮ್ಮ ಒಂದೇ ಇಸ್ತ್ರಿ ಅಂಗಡಿಯಲ್ಲಿ ನಿಂತಿದ್ದಾಳೆ. ಕೂತದ್ದನ್ನು ನಾನು ಕಂಡಿಲ್ಲ. ಅಲ್ಲಿ ಬಟ್ಟೆ ಮಡಿಸುವುದು ನನ್ನ ಕೆಲಸ. ಗಿರಾಕಿ ‘ಅರ್ಜೆಂಟ್’ ಅಂದರೆ ಅವರ ಚೀಟಿಗೆ ಕೆಂಪು ದಾರ ಕಟ್ಟಿ ಗೋಡೆಯ ಮೊಳೆಗೆ ಸಿಕ್ಕಿಸಬೇಕು. ಮೊದಲೆಲ್ಲ ಆ ಬಟ್ಟೆ ಅದೇ ದಿನ ಆಗುತ್ತಿತ್ತಂತೆ. ಈಗ ಮೊಳೆಯ ತುಂಬ ಕೆಂಪು ದಾರವೇ.

“ಅರ್ಜೆಂಟ್ ಅಂದ್ರೆ ನಾಳಿದ್ದು ಕಣಮ್ಮ. ತುಂಬಾ ಅರ್ಜೆಂಟ್ ಅಂದ್ರೆ ನಾಳೆ. ಬಾಗಿಲಲ್ಲಿ ನಿಂತು ಕಿರುಚಿದ್ರೆ ಮಾತ್ರ ಈಗ,” ಎಂದು ಯಜಮಾನ ಮೊದಲ ದಿನವೇ ಕಲಿಸಿದ್ದ. ಅವನ ಮುಖ ಕಂಡರೆ ನನಗಾಗದು.

ಕಳೆದ ಸೋಮವಾರ ಇಸ್ತ್ರಿಪೆಟ್ಟಿಗೆ ತಾಗಿ ದೊಡ್ಡಮ್ಮನ ಎಡಗೈ ಸುಟ್ಟಿತು. ಗುರುವಾರ ಒಬ್ಬಳೇ ಕ್ಲಿನಿಕ್ಕಿಗೆ ಹೋಗಿಬಂದು, “ಏನಿಲ್ಲ, ಮುಲಾಮು ಕೊಟ್ರು,” ಅಂದಳು. ಶುಕ್ರವಾರ ಬೆಳಿಗ್ಗೆ ನೋಡಿದರೆ, ಅದೇ ಮೊಳೆಯಲ್ಲಿ ಡಾಕ್ಟರ ಚೀಟಿ! ದೊಡ್ಡಾಸ್ಪತ್ರೆಗೆ, ಅರ್ಜೆಂಟ್, ಎಂದು ಬರೆದಿತ್ತು. ಅದಕ್ಕೂ ಕೆಂಪು ದಾರ.

“ದೊಡ್ಡಮ್ಮ, ಇದೇನು?”

“ಅರ್ಜೆಂಟ್ ಅಂದ್ರು. ನಾಳಿದ್ದು ಹೋದ್ರಾಯ್ತು ಬಿಡೇ.”

“ಡಾಕ್ಟರ ಅರ್ಜೆಂಟು ನಮ್ಮ ಅಂಗಡಿ ಅರ್ಜೆಂಟಲ್ಲ!”

“ಅವರೇನು ಕಿರುಚಲಿಲ್ಲವಲ್ಲ. ಮೆಲ್ಲಗೇ ಹೇಳಿದ್ರು.”

ಕೈಗೆ ಸುತ್ತಿದ್ದ ಬಟ್ಟೆಪಟ್ಟಿ ಬಿಚ್ಚಿಸಿದೆ. ಕಿರುಬೆರಳು ತುದಿಯಿಂದ ಕಪ್ಪಾಗುತ್ತಿತ್ತು. ಪಕ್ಕದ ಬೆರಳೂ ಊದಿತ್ತು.

ಯಜಮಾನ ಹಲ್ಲು ಕಿರಿದ. “ಕೆಲಸ ಗೊತ್ತಿರೋಳು ಅಂದ್ರೆ ನಿನ್ನ ದೊಡ್ಡಮ್ಮ. ಹೋಟೆಲಿನ ಬಟ್ಟೆಗಂಟು ಮುಗೀಲಿ. ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ.”

ಗಿರಾಕಿಯ ಹೆಸರು ಕೇಳುವುದಕ್ಕೂ ಹಿಂಜರಿಯುವವಳು ನಾನು. ಆದರೂ ಬಾಗಿಲಲ್ಲಿ ನಿಂತು ಕಿರುಚಿದೆ. “ಅರ್ಜೆಂಟ್! ನಮ್ಮ ದೊಡ್ಡಮ್ಮನ ಕೈ ಅರ್ಜೆಂಟ್! ಇವನು ಕಳಿಸ್ತಿಲ್ಲ!” ಬೀದಿ ತಿರುಗಿ ನೋಡಿತು. ಆಟೋದವನೊಬ್ಬ ನಿಲ್ಲಿಸಿದ.

“ಹಾಳಾಗಿ ಹೋಗಿ ಇಬ್ಬರೂ! ಮತ್ತೆ ಈ ಮೆಟ್ಟಿಲು ಹತ್ತಬೇಡಿ,” ಅಂದ ಯಜಮಾನ.

ಆಟೋದಲ್ಲಿ ದೊಡ್ಡಮ್ಮ ಬೈದದ್ದು ನನ್ನನ್ನೇ. “ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ, ಮೂದೇವಿ!”

ದೊಡ್ಡಾಸ್ಪತ್ರೆಯಲ್ಲಿ ಕಿರುಬೆರಳು ತೆಗೆಯಬೇಕಾಯಿತು. ಪಕ್ಕದ್ದು ಉಳಿಯಿತು. ಒಂದು ದಿನ ಮೊದಲು ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದರು ಅಲ್ಲಿನ ಡಾಕ್ಟರು. ದೊಡ್ಡಮ್ಮ ಇನ್ನೂ ಗೋಡೆಯ ಕಡೆ ಮುಖಮಾಡಿ ಮಲಗಿದ್ದಾಳೆ. ಯಜಮಾನನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಸೋಮವಾರ ಹಿಂದಿನ ಬೀದಿಯ ಲಾಂಡ್ರಿಗೆ ಹೋಗಿ ನಮ್ಮಿಬ್ಬರಿಗೂ ಕೆಲಸ ಕೇಳುತ್ತೇನೆ.