ಅವರು ಅಳಿಸಲು ಬಿಡದ ನೀರು

ಚೆನ್ನೈನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಕಳೆದ ವಾರ ಹಳೆಯ ಪೆಟ್ಟಿಗೆಯೊಂದನ್ನು ಬರಿದು ಮಾಡುತ್ತಿದ್ದಾಗ ತಳದಲ್ಲಿ ರಟ್ಟಿನ ಕನ್ನಡಕ ಸಿಕ್ಕಿತು. ಒಂದು ಕಣ್ಣಿಗೆ ಕೆಂಪು ಹಾಳೆ, ಇನ್ನೊಂದಕ್ಕೆ ನೀಲಿ. ಮುರಿದ ಕಡ್ಡಿಯ ಬದಲು ರಬ್ಬರ್ ಬ್ಯಾಂಡ್. ಅದನ್ನು ಕಟ್ಟಿದವರು ನಮ್ಮ ಮೇಡಂ.

ಇಸವಿ ಎರಡು ಸಾವಿರ ದಾಟಿದ ಹೊಸತು. ಪೋರೂರಿನ ಸಣ್ಣ ಔಷಧ ಕಂಪನಿಯೊಂದರಲ್ಲಿ ಇಬ್ಬರೂ ಇದ್ದೆವು. ಔಷಧದ ಅಣು ಪ್ರೋಟೀನಿನ ಗುಳಿಯಲ್ಲಿ ಎಷ್ಟು ಬಿಗಿಯಾಗಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಕೆಲಸ. ಆ ಗುಳಿಯೊಳಗೆ ನೀರಿನ ಅಣುಗಳೂ ಇರುತ್ತವೆ. ಲೆಕ್ಕ ಸುಲಭವಾಗಲೆಂದು ಅವನ್ನೆಲ್ಲ ಮೊದಲೇ ಅಳಿಸುವುದು ರೂಢಿ. ಮೇಡಂ ಅಳಿಸುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ಎಸಿಯ ಚಳಿಗೆ ಸೆರಗು ಹೊದ್ದು, ಪರದೆಯ ಚಿತ್ರ ಉಬ್ಬಿ ಕಾಣುವ ಆ ಕನ್ನಡಕದಲ್ಲಿ ಒಂದೊಂದೇ ನೀರನ್ನು ತಿರುಗಿಸಿ ನೋಡುತ್ತಿದ್ದರು. ಇದು ಹೋಗಲಿ, ಇದು ಇರಲಿ… ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆ ವರ್ಷ ರಸಾಯನ ವಿಭಾಗದವರು ಒಂದೇ ಒಂದು ಅಣುವನ್ನು ತಯಾರಿಸಿಕೊಡಲು ಒಪ್ಪಿದ್ದರು. ಅದು ಪ್ರೋಟೀನಿಗೆ ಅಂಟದಿದ್ದರೆ ಪ್ರಾಜೆಕ್ಟ್ ಮುಚ್ಚಿದಂತೆ. ಮೇಡಂ ತಾವೇ ರೂಪಿಸಿದ ಅಣುವೊಂದಿತ್ತು; ಗುಳಿಯ ಮೂಲೆಯ ಒಂದು ನೀರನ್ನು ಹಿಡಿದುಕೊಂಡು ಕೂರುವಂಥದ್ದು. ಆ ನೀರನ್ನು ಉಳಿಸಿ ಲೆಕ್ಕ ಹಾಕಿದರೆ ಪಟ್ಟಿಯಲ್ಲಿ ಆ ಅಣುವೇ ಮೊದಲು, ಅಳಿಸಿದರೆ ಎಲ್ಲಕ್ಕಿಂತ ಕೊನೆ.

"ಯಾವ ಅಣು ಎಂದು ಶುಕ್ರವಾರ ಹೇಳಲೇಬೇಕು ಮೇಡಂ," ಎಂದೆ.

"ಕೊಂಜಂ ಇರಪ್ಪಾ. ಈ ನೀರು ಇಲ್ಲೇ ನಿಲ್ಲತ್ತೆ ಅಂತ ನಂಗೇ ಇನ್ನೂ ಗ್ಯಾರಂಟಿ ಇಲ್ಲ."

"ಅಂದಾಜಿಗೆ ಹೇಳಿಬಿಡಿ."

"ಅಂದಾಜಿಗಾದ್ರೆ ನಮ್ಮ ಮೈಲಾಪೂರಿನ ಗಿಣಿ ಜೋಸ್ಯದವನೇ ಸಾಕಲ್ಲ, ನಾನ್ಯಾಕೆ?"

ಶುಕ್ರವಾರ ಬಂತು. ಅವರ ಗ್ಯಾರಂಟಿ ಬರಲಿಲ್ಲ. ಬಾಸ್ ಬಾಗಿಲಲ್ಲಿ ನಿಂತು, "ತಣ್ಣಿ ಕ್ಯಾಂಟೀನ್‌ಲ ಇರುಕ್ಕು, ಮೇಡಂ," ಎಂದು ನಕ್ಕರು. ನೀರು ಬೇಕಿದ್ದರೆ ಕ್ಯಾಂಟೀನಿಗೆ ಹೋಗಿ ಎಂದು. ಆಮೇಲೆ ಎಲ್ಲ ನೀರನ್ನೂ ಅಳಿಸಿ ಲೆಕ್ಕ ಓಡಿಸಿ, ಮೊದಲು ಬಂದ ಬೇರೊಂದು ಅಣುವನ್ನು ರಸಾಯನ ವಿಭಾಗಕ್ಕೆ ಕಳಿಸಿದರು. ಮೇಡಂ ಕನ್ನಡಕ ತೆಗೆಯಲೂ ಇಲ್ಲ.

ಕೆಲವು ತಿಂಗಳಲ್ಲಿ ಫಲಿತಾಂಶ ಬಂತು. ಅಣು ಅಂಟಿರಲಿಲ್ಲ. ಪ್ರಾಜೆಕ್ಟ್ ಮುಚ್ಚಿತು. ಸಮಾಧಾನವಾಗಲೆಂದು, "ನಿಮ್ಮದೇ ಸರಿ ಇತ್ತು ಮೇಡಂ," ಎಂದೆ. ಬಾಸ್ ಮೇಲೆ ಬಾರದ ಸಿಟ್ಟು ಅವರಿಗೆ ನನ್ನ ಮೇಲೆ ಬಂತು.

"ಯಾರು ಹೇಳಿದ್ದು? ನಂದನ್ನ ಮಾಡಿ ನೋಡಿದ್ರಾ? ನೋಡದೆ ಸರಿ ಅನ್ನೋದೂ ಗಿಣಿ ಜೋಸ್ಯವೇ ಕಣಪ್ಪಾ."

ಎಂಥ ಹೆಂಗಸು… ಗೆದ್ದೆ ಎಂದು ಒಪ್ಪಿಕೊಳ್ಳಲೂ ಪುರಾವೆ ಬೇಕು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕನ್ನಡಕ ಸಿಕ್ಕ ದಿನ ಆ ಹಳೆಯ ಪ್ರೋಟೀನನ್ನು ಮತ್ತೆ ತೆರೆದೆ. ಈಗಿನ ಸಾಫ್ಟ್‌ವೇರಿನಲ್ಲಿ 'ನೀರು ಅಳಿಸು' ಎಂಬಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ. ತೆಗೆದೆ. ಪರದೆಯ ತುಂಬ ಕೆಂಪು ಚುಕ್ಕೆಗಳು, ಒಂದೊಂದೂ ಒಂದು ನೀರು. ಅವುಗಳಲ್ಲಿ ಅವರ ನೀರು ಯಾವುದೆಂದು ಗುರುತು ಹತ್ತಲಿಲ್ಲ.

ಅವರ ಅಣುವನ್ನು ಇಂದಿಗೂ ಯಾರೂ ತಯಾರಿಸಿಲ್ಲ. ಅಂಟುತ್ತಿತ್ತೋ ಇಲ್ಲವೋ, ಹೇಳಲಾರೆ. ಸರಿ ಇತ್ತು ಎಂದು ಈಗಲಾದರೂ ಬರೆದುಬಿಡೋಣ ಎಂದರೆ, ಅದಕ್ಕೂ ಅವರು ಬಿಡುತ್ತಿಲ್ಲ.