ಅಂಟು ಹಾಕದ ಲಕೋಟೆ

ಹಾಲಿನ ಪುಡಿಯ ಡಬ್ಬಿ ತೆರೆದಾಗ ಬರುವ ಆ ಸಿಹಿ ವಾಸನೆ ನನಗೆ ಇಂದಿಗೂ ಆಗದು. ಗಲ್ಫಿನ ವಾದಿ ಕಬೀರ್‌ನಲ್ಲಿ ಗ್ಯಾರೇಜುಗಳ ಮೇಲಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ದೊಡ್ಡಪ್ಪನ ಕಾಗದಗಳೆಲ್ಲ ಇದ್ದದ್ದು ಅಂಥದೊಂದು ಖಾಲಿ ಡಬ್ಬಿಯಲ್ಲಿ. ಎಂಬತ್ತರ ದಶಕ ಮುಗಿಯುತ್ತಿತ್ತು. ಊರಲ್ಲಿ ದೊಡ್ಡಮ್ಮ ತೀರಿಹೋದಾಗ ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಪಾಸ್‌ಪೋರ್ಟ್ ಕೊಡದೆ ದೊಡ್ಡಪ್ಪನಿಗೆ ಹೋಗಲಾಗಿರಲಿಲ್ಲ. ಊರಲ್ಲಿದ್ದ ಅವರ ಒಬ್ಬನೇ ಮಗ ಅದನ್ನು ನಂಬಲಿಲ್ಲ, ಮಾತು ಬಿಟ್ಟ.

ದೊಡ್ಡಪ್ಪನ ಬಳಿ ಇದ್ದದ್ದು ಒಂದೇ ಪುಸ್ತಕ. ಇನ್ನೂರು ವರ್ಷಗಳ ಹಿಂದೆ ರಾಜಕಾರಣವನ್ನೂ ನಡೆಸಿ, ಸಿಡಿಲನ್ನೂ ಪರೀಕ್ಷೆ ಮಾಡಿದ್ದ ಪರದೇಶದ ಮುತ್ಸದ್ದಿಯೊಬ್ಬ ಮುಪ್ಪಿನಲ್ಲಿ ಬರೆದ ಕಾಗದಗಳು. ಶುಕ್ರವಾರ ಬೆಳಿಗ್ಗೆ ದೊಡ್ಡಪ್ಪ ಅವನ್ನು ಕನ್ನಡದಲ್ಲಿ ಹೇಳುವರು, ನಾನು ಬರೆಯುವೆ. "ನನ್ನ ಕೈ ನಡುಗ್ತದೆ, ನಿನ್ನ ಅಕ್ಷರ ಚಂದ ಉಂಟು ಮಗಾ," ಎನ್ನುವರು. ಹೆಸರು, ಊರು ಒಂದನ್ನೂ ಬರೆಸುತ್ತಿರಲಿಲ್ಲ. "ಅದೆಲ್ಲ ಎಂತಕ್ಕೆ? ಅಪ್ಪ ಅಂದ್ರೆ ಎಲ್ಲ ಕಡೆ ಅಪ್ಪನೇ." ಆ ಮುದುಕನಿಗೂ ಮಗನೊಂದಿಗೆ ಮುನಿಸಿತ್ತು. ಮಗನಿಗೆ ಬರೆದ ಅವನ ಕಾಗದದಲ್ಲಿ ನೀನು ನನ್ನ ಕೈಬಿಟ್ಟೆ ಎಂಬ ಕಹಿಯೇ ತುಂಬಿತ್ತು. "ಛೆ, ಹೀಗೆ ಬರೀಬಾರದಿತ್ತು ಮಾರಾಯ," ಎಂದು ದೊಡ್ಡಪ್ಪ ಆ ಮುತ್ಸದ್ದಿಯನ್ನೇ ಗದರಿ, ಮರುವಾರ ತಮ್ಮ ಮಗನಿಗೆ ಬೇರೆಯೇ ಕಾಗದ ಬರೆಸಿದರು. ಎರಡೂ ಶುರುವಾಗುತ್ತಿದ್ದದ್ದು "ಪ್ರೀತಿಯ ಮಗನಿಗೆ" ಎಂದೇ.

ಗಲ್ಫಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಊರಿಗೆ ಹೋಗುವವರ ಕೈಯಲ್ಲಿ ಕೊಡುವ ಲಕೋಟೆಗೆ ಅಂಟು ಹಾಕಬಾರದು. ಒಯ್ಯುವವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಸಹಮ್ ಪಟ್ಟಣದಲ್ಲಿ ಅಂಗಡಿಯಿದ್ದ ಶೀನಣ್ಣ ಊರಿಗೆಂದು ಏರ್‌ಪೋರ್ಟಿಗೆ ಹೊರಟವರು ಬಾಗಿಲಲ್ಲೇ ನಿಂತು, "ಯಲ್ಲಾ ಯಲ್ಲಾ, ಬೇಗ ಕಾಗದ ಕೊಡು, ಗಾಡಿ ಕೆಳಗೆ ಉಂಟು," ಎಂದರು. ದೊಡ್ಡಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಡಬ್ಬಿಯಿಂದ ತೆಗೆದು, ಮಡಿಸಿ, ಲಕೋಟೆಗೆ ಹಾಕಿ ಕೊಟ್ಟೆ. ತೆರೆದೇ ಇದ್ದ ಲಕೋಟೆಯೊಳಗೆ ಮರ್ಯಾದಸ್ಥ ಶೀನಣ್ಣ ಇಣುಕಿಯೂ ನೋಡಲಿಲ್ಲ.

ಆಮೇಲೆ ಊರಿಂದ ಬಂದವರನ್ನೆಲ್ಲ ದೊಡ್ಡಪ್ಪ ಕೇಳುತ್ತಿದ್ದರು, "ನಮ್ಮವ ಎಂತಾದ್ರೂ ಕೊಟ್ಟಿದ್ದಾನಾ?" ಎರಡು ವರ್ಷ ಕೇಳಿದರು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಏಳಲಿಲ್ಲ. ಸುದ್ದಿ ಮುಟ್ಟಿಸಿದರೂ ಮಗ ಬರಲಿಲ್ಲ. ಅಲ್ಲೇ ನನ್ನ ಅಪ್ಪನೇ ಕೊಳ್ಳಿಯಿಟ್ಟರು.

ಹದಿಮೂರನೆಯ ದಿನ ಡಬ್ಬಿ ತೆರೆದೆ. ಕಳಿಸಿದೆನೆಂದುಕೊಂಡ ಕಾಗದ ಅಲ್ಲೇ ಇತ್ತು. ಇಲ್ಲದಿದ್ದದ್ದು ಆ ಮುತ್ಸದ್ದಿಯ ಕಹಿ ಕಾಗದ. ನಾನು ಯಾರಿಗೂ ಹೇಳಲಿಲ್ಲ, ಹೆದರಿದ್ದೆ. ಹೇಳುವ ಧೈರ್ಯ ಬರುವಷ್ಟರಲ್ಲಿ ಆ ಮಗನೂ ತೀರಿಹೋಗಿದ್ದ. ವಾದಿ ಕಬೀರ್‌ನ ಆ ಮನೆಯೂ ಈಗಿಲ್ಲ. ಕಾಗದ ಮಾತ್ರ ನನ್ನಲ್ಲಿದೆ. "ಅಮ್ಮ ಹೋದಾಗ ಬರಲಾಗಲಿಲ್ಲ, ತಪ್ಪಾಯಿತು. ನನ್ನ ಹೊತ್ತಿಗೆ ನೀನು ಬಾ," ಎಂದಿದೆ ಅದರಲ್ಲಿ, ನನ್ನ ಚಂದದ ಅಕ್ಷರದಲ್ಲಿ.